ಪಕ್ಕದ ಮನೆಯ ಅಜ್ಜಿಯನ್ನು ಬಚ್ಚಿಟ್ಟ ಕಥೆ

ಆ ಬುಧವಾರ ಬೆಳಿಗ್ಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಐವತ್ತೆರಡನೇ ವಯಸ್ಸಿಗೆ, ಜೀವನದಲ್ಲಿ ಮೊದಲ ಸಲ, ಒಂದು ಕಥೆ ಬರೆದು ಮುಗಿಸಿದ್ದೆ. ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದವರು ಯುಗಾದಿಗೆ ತರುವ ಸಂಚಿಕೆಗೆ. ಸಂಪಾದಕರು ಪೇರ್‌ಲ್ಯಾಂಡಿನಲ್ಲಿರುವ ಧಾರವಾಡದ ಅಂಕಲ್. ಫೋನ್ ಮಾಡಿ, “ಏನ್ ಬರದೀರ್ರೀ! ಕಣ್ಣಾಗ ನೀರ್ ಬಂತು. ಶುಕ್ರವಾರ ಪ್ರೆಸ್ಸಿಗೆ ಕಳಸ್ತೀನಿ,” ಅಂದಿದ್ದರು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಗಂಡ ಪಕ್ಕದ ಟೇಲರ್ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಗೆ ಹೋಗಿದ್ದರಿಂದ ಮರ್ಯಾದೆ ಉಳಿಯಿತು.

ಒಂದೇ ಒಂದು ತೊಡಕು. ಕಥೆ ನನ್ನದಲ್ಲ, ರೌಂಡ್ ರಾಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಯಹೂದಿ ಅಜ್ಜಿಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಯಹೂದಿಗಳನ್ನು ಹಿಡಿದು ಸಾವಿನ ಶಿಬಿರಗಳಿಗೆ ಸಾಗಿಸಲು ರೈಲಿಗೆ ತುಂಬುತ್ತಿದ್ದಾಗ, ಐದು ವರ್ಷದ ಇವರನ್ನು ತಾಯಿ ಒಂದು ಹಳ್ಳಿಗೆ ಕರೆದೊಯ್ದು, ಮಕ್ಕಳಿಲ್ಲದ ರೈತ ದಂಪತಿಯ ಮನೆಯಲ್ಲಿ ಬಿಟ್ಟು ಹೋದರಂತೆ. ತಾಯಿ ಮತ್ತೆ ಬರಲಿಲ್ಲ. ಇಷ್ಟನ್ನೂ ಅವರು ಬೇಲಿಯಾಚೆ ಟೊಮ್ಯಾಟೊ ಗಿಡಕ್ಕೆ ನೀರು ಬಿಡುತ್ತ, ತಿಂಗಳುಗಟ್ಟಲೆ, ಚೂರುಚೂರಾಗಿ ಹೇಳಿದ್ದರು. ಕಥೆಯಾಗಿ ಬರೆಯಲೇ ಅಂತ ಕೇಳಿದಾಗ ಹಾಕಿದ ಷರತ್ತು ಇದು: “ಅಚ್ಚಾಗೋ ಮೊದಲು ನನಗೆ ಓದಿ ಹೇಳ್ಬೇಕು. ನಾನು ಬೇಡ ಅಂದ್ರೆ ಹರಿದು ಹಾಕ್ಬೇಕು.”

ಡಬ್ಬಿ ತುಂಬ ಕೋಡುಬಳೆ ತೆಗೆದುಕೊಂಡು ಹೋದೆ. ಅವರ ಊಟದ ಮೇಜಿನ ಮುಂದೆ ಕೂತು, ಕನ್ನಡ ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಅವರು ಮಾತಾಡಿದ್ದೂ ಇಂಗ್ಲಿಷೇ, ನನ್ನ ನೆನಪಿನಲ್ಲಿ ಮಾತ್ರ ಎಲ್ಲ ಕನ್ನಡದಲ್ಲಿದೆ.

ಎರಡನೇ ಪುಟದಲ್ಲಿ ಕೈ ಎತ್ತಿದರು.

“ನಿಲ್ಸು. ಆ ಹುಡುಗಿ ಶೂ ಎಲ್ಲಿ ಬಿಟ್ಟಳು ಅಂದೆ?”

“ಬಾಗಿಲ ಹೊರಗೆ.”

“ಎಷ್ಟು ದಿನ?”

“ಮನೇಲಿದ್ದಷ್ಟು ದಿನಾನೂ. ಶೂ ಹಾಕ್ಕೊಂಡು ಒಳಗೆ ಬರೋಕಾಗುತ್ತಾ?”

ಅಜ್ಜಿ ನನ್ನ ಮುಖವನ್ನೇ ನೋಡಿದರು. “ಮಕ್ಕಳಿಲ್ಲದ ಮನೆ. ಒಳಗೆ ಬಚ್ಚಿಟ್ಟ ಮಗು. ಹೊರಗೆ ಪಟ್ಟಣದ ಪುಟ್ಟ ಶೂ! ಎರಡನೇ ಪುಟಕ್ಕೇ ನನ್ನ ಕೊಂದುಬಿಟ್ಟೆಯಲ್ಲೇ, ಮಹಾತಾಯಿ!”

ಅಯ್ಯೋ ಶಿವನೇ! ಬಿಟ್ಟದ್ದಷ್ಟೇ ಅಲ್ಲ, ‘ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಜೋಡಿಸಿ’ ಅಂತ ಬೇರೆ ಬರೆದಿದ್ದೆ. ಗಂಡ ಓದಿದ್ದರು, ಅಂಕಲ್ ಓದಿದ್ದರು, ತಪ್ಪು ತಿದ್ದುವ ಆಂಟಿಯರಿಬ್ಬರು ಓದಿದ್ದರು. ಒಬ್ಬರ ಕಣ್ಣಿಗೂ ಬಿದ್ದಿಲ್ಲ. ಹೇಗೆ ಬೀಳಬೇಕು? ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬೆಳೆದವರೇ. ಅಜ್ಜಿ ಮೇಜು ಕುಟ್ಟಿ ನಗತೊಡಗಿದರು. ನನಗೂ ತಡೆಯಲಾಗಲಿಲ್ಲ.

ನಾಲ್ಕನೇ ಪುಟ ಇನ್ನೂ ಘೋರ. ಸೈನಿಕರು ಮನೆ ಶೋಧಿಸಲು ಬರುತ್ತಾರೆ. ರೈತನ ಹೆಂಡತಿ ನಡುಗುತ್ತ ಬಾಗಿಲು ತೆರೆದು, ಕುಡಿಯಲು ನೀರು ಕೊಟ್ಟು, ‘ಊಟ ಆಯ್ತಾ?’ ಅನ್ನುತ್ತಾಳೆ.

“ಸೈನಿಕರನ್ನ ಊಟಕ್ಕೆ ಕರೆದಳಾ?”

“ಕರೀಲಿಲ್ಲ, ಸುಮ್ನೆ ಕೇಳಿದ್ಳು. ಮನೆಗೆ ಬಂದವ್ರನ್ನ ಕೇಳ್ದೆ ಇರೋಕಾಗುತ್ತಾ?”

“ಇನ್ನೂ ಇಲ್ಲ ಅಂದಿದ್ರೆ?”

“ಎಲೆ ಹಾಕ್ತಿದ್ಳು, ಇನ್ನೇನ್ ಮಾಡ್ತಾಳೆ!”

ಅಜ್ಜಿಗೆ ಕೋಡುಬಳೆ ನೆತ್ತಿಗೆ ಹತ್ತಿತು. ನಾನು ಬೆನ್ನು ತಟ್ಟುತ್ತ ನಗುತ್ತಿದ್ದೆ, ಅವರು ಕೆಮ್ಮುತ್ತ ನಗುತ್ತಿದ್ದರು. ನಡುವೆ ನನಗೇ ಹೆದರಿಕೆಯಾಯಿತು. ಇಂಥ ವಿಷಯಕ್ಕೆ ಹೀಗೆ ನಗಬಹುದೇ? ಬಾಯಿಬಿಟ್ಟು ಕೇಳಿಯೂಬಿಟ್ಟೆ. ಅವರು ಕಣ್ಣೊರೆಸಿಕೊಂಡು, “ಈ ಕಥೆ ಕೇಳಿದೋರೆಲ್ಲ ಆಮೇಲೆ ನನ್ನ ಹತ್ರ ಪಿಸುಮಾತಲ್ಲೇ ಮಾತಾಡ್ತಾರೆ. ಸಾಕಾಗಿದೆ. ನಗು,” ಅಂದರು. ಗೆದ್ದೆ ಅಂದುಕೊಂಡು ಕೊನೆಯ ಪುಟ ತಿರುವಿದೆ.

ಅದು ತಾಯಿ ಹೊರಡುವ ದೃಶ್ಯ, ಹುಡುಗಿಯ ನೆನಪಾಗಿ ಕೊನೆಗೆ ಇಟ್ಟಿದ್ದೆ. ಬಾಗಿಲಲ್ಲಿ ತಾಯಿ ಏನು ಹೇಳಿದರು ಅಂತ ಅಜ್ಜಿ ಎಂದೂ ಹೇಳಿರಲಿಲ್ಲ, ಕೇಳಲು ನನಗೂ ಧೈರ್ಯ ಬಂದಿರಲಿಲ್ಲ. ಹಾಗಾಗಿ ನಾನೇ ಬರೆದಿದ್ದೆ: ತಾಯಿ ತಲೆ ಸವರಿ, ‘ಹೋಗಿ ಬರ್ತೀನಿ ಪುಟ್ಟಿ’ ಅಂದಳು.

ಅಜ್ಜಿಯ ನಗು ನಿಂತಿತು.

“ಅಮ್ಮ ಏನೂ ಹೇಳಲಿಲ್ಲ,” ಅಂದರು. “ಬಾಯಿ ಬಿಡಲಿಲ್ಲ. ತಿರುಗಿ ನಡೆದುಬಿಟ್ಟಳು.”

ಎಂಥ ಕೆಲಸ ಮಾಡಿದೆ! ವಾಪಸ್ ಬರದ ತಾಯಿಯ ಬಾಯಲ್ಲಿ ಬರ್ತೀನಿ ಅನ್ನಿಸಿದ್ದೆ. “ತಪ್ಪಾಯ್ತು, ಈಗ್ಲೇ ಹೊಡೆದು ಹಾಕ್ತೀನಿ. ಬೇಕಾದ್ರೆ ಇಡೀ ಕಥೇನೇ ಹರೀತೀನಿ,” ಎಂದು ಪೆನ್ ತೆಗೆದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ನಿಮ್ಮಲ್ಲಿ, ಮತ್ತೆ ಬರಲ್ಲ ಅಂತ ಗೊತ್ತಿರೋರು ಏನು ಹೇಳಿ ಹೊರಡ್ತಾರೆ?”

“ಅವ್ರೂ ಅದನ್ನೇ ಹೇಳೋದು. ಬರೀ ‘ಹೋಗ್ತೀನಿ’ ಅಂತ ಯಾರೂ ಅನ್ನಲ್ಲ. ನಮ್ಮಮ್ಮ ಮೈಸೂರಲ್ಲಿ ಕೊನೇ ಸಲ ಆಸ್ಪತ್ರೆಗೆ ಹೊರಟಾಗ್ಲೂ ‘ಹೋಗಿ ಬರ್ತೀನಿ’ ಅಂದ್ರು. ಬರಲ್ಲ ಅಂತ ಅವ್ರಿಗೂ ಗೊತ್ತಿತ್ತು.”

“ಸುಳ್ಳು ಹೇಳಿದ್ರು ಅಂತ ಕೋಪ ಬಂತಾ?”

“ಇಲ್ಲ. ಒಂದು ದಿನಾನೂ ಇಲ್ಲ.”

ಅವರು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಆಚೆ ಬದಿಗೆ ಇಟ್ಟರು.

“ನನಗೆ ಕೋಪ ಇತ್ತು. ಎಂಬತ್ತು ವರ್ಷ. ಒಂದು ಮಾತು ಹೇಳಿ ಹೋಗಬಾರದಿತ್ತಾ ಅಂತ,” ಅಂದರು. “ಕಥೆ ಅಚ್ಚಾಗ್ಲಿ. ಅಮ್ಮನ ಆ ಮಾತು ತೆಗೀಬೇಡ. ಇನ್ನೊಂದು ಸಲ ಓದು, ನಿನ್ನ ಭಾಷೇಲೇ.”

ಓದಿದೆ. ಅವರು ಕಣ್ಣು ಮುಚ್ಚಿಕೊಂಡು, ಐದು ವರ್ಷದವರ ಹಾಗೆ ತಲೆಯಾಡಿಸಿದರು.