ಗಂಡಕಿಯಿಂದ ಬಾರದ ಸಾಲಿಗ್ರಾಮ

ಅಕ್ಕಾ, ನಿನ್ನ ದೇವರ ಕೋಣೆಯಲ್ಲಿರುವ ಸಾಲಿಗ್ರಾಮ ನೇಪಾಳದ್ದಲ್ಲ. ಪಾಣೆಮಂಗಳೂರಿನ ಸೇತುವೆಯ ಕೆಳಗೆ ನೇತ್ರಾವತಿಯಿಂದ ನಾನು ಹೆಕ್ಕಿದ ಕಲ್ಲು ಅದು. ಸುಳ್ಳು ಹೇಳಿ ಭಾವನ ಕೈಗೆ ಕೊಟ್ಟೆ. ಇಷ್ಟನ್ನು ಬರೆಯಲಿಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಎಂಥ ನಾಚಿಕೆಗೆಟ್ಟವನು ನಾನು!

ಎಪ್ಪತ್ತರ ದಶಕ. ಮೂಡಬಿದಿರೆಯಲ್ಲಿ ಮಾಷ್ಟ್ರಾಗಿದ್ದೆ. ಬೇಸಿಗೆ ರಜೆಯಲ್ಲಿ ಬೆನ್ನಿಗೊಂದು ಚೀಲ ಏರಿಸಿ ನೇಪಾಳಕ್ಕೆ ಹೊರಟೆ. ಆ ಚೀಲ ಹೊಲಿದುಕೊಟ್ಟವಳೂ ನೀನೇ. ಬೆಳ್ತಂಗಡಿಯ ನಿಮ್ಮ ಜಗಲಿಯಲ್ಲಿ ರೈಲಿನ ನಕ್ಷೆ ಹರವಿ, ಊರೂರಿನ ಮೇಲೆ ಬೆರಳಿಟ್ಟು ನೀನು ಕೇಳಿದ್ದೆ: "ಕಾಶಿ ಇದರಲ್ಲಿ ಎಲ್ಲಿ ಬರ್ತದೆ ಮಾರಾಯ? ನನಗೊಮ್ಮೆ ಹೋಗ್ಬೇಕು." ಭಾವನಿಗೆ ಬೇಕಾದದ್ದು ಗಂಡಕಿ ನದಿಯ ಒಂದು ಸಾಲಿಗ್ರಾಮ ಮಾತ್ರ. ಹಣ ಕೊಟ್ಟು, "ಅದಕ್ಕೆ ಚೌಕಾಶಿ ಮಾಡ್ಲಿಕ್ಕಿಲ್ಲ, ಕೇಳಿದಷ್ಟು ಕೊಟ್ಟು ತಾ" ಎಂದರು.

ಮದ್ರಾಸು, ಪಾಟ್ನಾ, ರಕ್ಸೌಲಿನ ಗಡಿ, ಆಮೇಲೆ ಬೆಟ್ಟದ ದಾರಿಯಲ್ಲಿ ವಾಂತಿ ಬರಿಸುವ ಬಸ್ಸು — ವಾರ ಹಿಡಿಯಿತು. ಕಠ್ಮಂಡುವಿನ ಪೇಟೆ ಕಂಡದ್ದೇ ತಡ, ನನಗೆ ಮರುಳು ಹಿಡಿಯಿತು. ಜಪಾನಿನ ಕೊಡೆ, ಚೀನಾದ ಪೆನ್ನು, ಮೊಣಕಾಲು ಮುಟ್ಟುವ ಉಣ್ಣೆಯ ಕೋಟು. ಆ ಕೋಟಿಗಾಗಿ ಒಂದೇ ಅಂಗಡಿಗೆ ಮೂರು ದಿನ ಅಲೆದು ಚೌಕಾಶಿ ಮಾಡಿದೆ; ಕೊನೆಗೆ ಭಾವನ ಹಣವನ್ನೂ ಸುರಿದು ಕೊಂಡೆ. ಉಣ್ಣೆಯ ಕೋಟು — ಧನುರ್ಮಾಸದಲ್ಲೂ ಬೆವರುವ ಮೂಡಬಿದಿರೆಗೆ! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಹಿಂದೆ ಬರುವಾಗ ಬಿ.ಸಿ. ರೋಡಿನಲ್ಲಿ ಇಳಿದು, ಮುಖ ತೊಳೆಯಲು ಸೇತುವೆಯ ಕೆಳಗೆ ಹೊಳೆಗೆ ಹೋದೆ. ಕಾಲಡಿಯಲ್ಲೊಂದು ಕಪ್ಪು ಕಲ್ಲು — ನುಣ್ಣಗೆ, ಪಕ್ಕದಲ್ಲಿ ಸಾಲಿಗ್ರಾಮದ ಚಕ್ರದಂತೆ ಸಣ್ಣ ತೂತು. ಬೆಳ್ತಂಗಡಿಯ ಬಸ್ಸು ಹತ್ತುವಾಗ ಅದು ನನ್ನ ಕಿಸೆಯಲ್ಲಿತ್ತು. ಭಾವ ಮಡಿಯುಟ್ಟು ಬಂದು ಎರಡೂ ಕೈಯೊಡ್ಡಿದರು. "ಚಕ್ರ ಉಂಟು ನೋಡು!" ಎಂದು ನಿನ್ನನ್ನು ಕೂಗಿದರು, ಅವರ ಕಣ್ಣಲ್ಲಿ ನೀರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು... "ಒಳ್ಳೆಯ ಅಂಗಡಿಯಿಂದಲೇ ತಂದದ್ದು ಭಾವ" ಎಂದೆ.

ಸಾಲಿಗ್ರಾಮ ಇರುವ ಮನೆಯಲ್ಲಿ ಒಂದು ದಿನವೂ ಪೂಜೆ ತಪ್ಪಬಾರದು. ಭಾವ ನೀರೆರೆಯಬೇಕು, ನೀನು ಮಡಿಯಲ್ಲಿ ನೈವೇದ್ಯ ಬೇಯಿಸಬೇಕು. ತವರಿನ ಮದುವೆಗೆ ಬಂದರೂ ನೀವಿಬ್ಬರು ಕತ್ತಲೆಗೆ ಮುಂಚೆ ಓಡಬೇಕಿತ್ತು. ಎಂಬತ್ತರ ದಶಕದ ಮೊದಲಿಗೆ ಬಂಟ್ವಾಳದಿಂದ ಕಾಶಿಗೆ ಯಾತ್ರೆಯ ಬಸ್ಸು ಹೊರಟಿತು. ನಿನ್ನ ಮಗನಿಗೆ ಇನ್ನೂ ಉಪನಯನವಾಗಿರಲಿಲ್ಲ, ಅವನು ಪೂಜೆ ಮಾಡುವ ಹಾಗಿರಲಿಲ್ಲ. ಸೀರೆ ಮಡಚಿ ಪೆಟ್ಟಿಗೆಗಿಟ್ಟು, ನೀನು ನನ್ನನ್ನು ಹುಡುಕಿಕೊಂಡು ಮೂಡಬಿದಿರೆಗೆ ಬಂದೆ.

"ಇಪ್ಪತ್ತು ದಿನ ನಮ್ಮಲ್ಲಿ ನಿಂತು ಪೂಜೆ ಮಾಡ್ತೀಯಾ? ನಾವಿಬ್ಬರು ಹೋಗಿ ಬರ್ತೇವೆ. ಈಗ ಹೋಗದಿದ್ರೆ ಮತ್ತೆ ಇಲ್ಲ."

ಸಿಲೋನಿಗೆ ಹೊರಟಿದ್ದೇನೆ ಎಂದೆ. ಅದು ಸುಳ್ಳಲ್ಲ, ಹೊರಟಿದ್ದೆ. ಆದರೆ ನಿಜವಾದ ಕಾರಣ — ಆ ಕಲ್ಲಿಗೆ ಮಂತ್ರ ಹೇಳಿ ನೀರೆರೆಯಲು ನನ್ನಿಂದ ಸಾಧ್ಯವಿರಲಿಲ್ಲ. ನಾನು ಕೊಲಂಬೊದ ಪೇಟೆಯಲ್ಲಿ ಲವಂಗ ಮೂಸಿ ನೋಡುತ್ತಿದ್ದ ಹೊತ್ತಿಗೆ ನೀನು ಸೀರೆಗಳನ್ನು ತೆಗೆದು ಕಪಾಟಿಗೆ ವಾಪಸು ಇಟ್ಟೆಯಂತೆ. ನನ್ನನ್ನು ಜನ 'ಲೋಕ ಸುತ್ತಿದ ಮಾಷ್ಟ್ರು' ಅನ್ನುತ್ತಾರೆ. ಥೂ! ಹೊಗಳುವವರ ಬಾಯಿಗೆ ಹೊಡೆಯುವಷ್ಟು ಸಿಟ್ಟು ಬರುತ್ತದೆ, ಅವರದೇನು ತಪ್ಪು?

ಭಾವ ಈಗಿಲ್ಲ. ಪೂಜೆ ಮಗನದ್ದು. ಕಳೆದ ತಿಂಗಳು ನಾನು, "ಕಾಶಿಗೆ ಹೋಗುವಾ, ಅಕ್ಕ, ನಾನು ಕರ್ಕೊಂಡು ಹೋಗ್ತೇನೆ" ಎಂದಾಗ ನೀನು ಮೊಣಕಾಲು ನೀವಿಕೊಳ್ಳುತ್ತಾ ನಕ್ಕೆ.

"ಇನ್ನೆಂತ ಕಾಶಿ? ಮೆಟ್ಟಿಲು ಇಳಿಲಿಕ್ಕೇ ಆಗುದಿಲ್ಲ. ನೀನು ತಂದ ಸಾಲಿಗ್ರಾಮ ಉಂಟಲ್ಲ, ನನಗೆ ಅದೇ ಕಾಶಿ."

ಆಗಲೂ ನಾನು ಹೇಳಲಿಲ್ಲ. ನೀನು ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ.

ನಾಳೆ ಬೆಳಿಗ್ಗೆ ಬಂದು, ನಿನ್ನೆದುರು ಕೂತು ಇದನ್ನು ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ; ಆ ಯೋಗ್ಯತೆ ನನಗಿಲ್ಲ. ಕಲ್ಲನ್ನು ಏನು ಮಾಡಬೇಕೆಂದು ನೀನೇ ಹೇಳು. ಇಷ್ಟು ಮಾತ್ರ ತಿಳಿದುಕೋ ಅಕ್ಕಾ — ನೀನು ಯಾವತ್ತು ಬೇಕಾದರೂ ಬಾಗಿಲಿಗೆ ಬೀಗ ಹಾಕಿ ಹೊರಡಬಹುದಿತ್ತು.