ಕಲ್ಲಂಗಡಿ ಬಳ್ಳಿಯ ಗಂಡು ಹೂವು

"ನನ್ನ ಬೆರಳಿಗೆ ಪೀಚು ಕೊಳೀತು ಅಂದ್ಯಲ್ಲ ಶಿವಮ್ಮ, ಅದೇ ಬೆರಳಲ್ಲಿ ಕಾಯಿ ಹಿಡಿಸ್ತೀನಿ ನೋಡು" ಎನ್ನುತ್ತಾ ಪಕ್ಕದ ಮನೆಯ ಗಂಗಮ್ಮ ಒಂದು ಬೆಳಿಗ್ಗೆ ಬೇಲಿ ದಾಟಿ ನಮ್ಮ ಹಿತ್ತಲಿಗೆ ಬಂದರು. ಕೈಯಲ್ಲಿ ಅವರ ಬಳ್ಳಿಯ ಹಳದಿ ಹೂವುಗಳಿದ್ದವು.

ಎಪ್ಪತ್ತರ ದಶಕದಲ್ಲಿ ನಾವು ಹೊಸದುರ್ಗದಲ್ಲಿದ್ದಾಗಿನ ಮಾತು. ಶಿವರಾತ್ರಿ ಕಳೆದ ಮೇಲೆ ನನ್ನ ಹೆಂಡತಿ ಶಿವಮ್ಮ ಬಚ್ಚಲ ನೀರು ಹರಿಯುವ ಕಡೆ ಕಲ್ಲಂಗಡಿ ಬೀಜ ಹಾಕಿದ್ದಳು. ಬಿಟ್ಟ ಪೀಚೆಲ್ಲ ಹಳದಿಯಾಗಿ ಕೊಳೆಯುತ್ತಿತ್ತು. ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಕಡೆ ನಂಬಿಕೆ. ಗಂಗಮ್ಮ ಒಮ್ಮೆ ಬೆರಳು ತೋರಿಸಿದ್ದರೆಂದು ಶಿವಮ್ಮ ಅವರೊಂದಿಗೆ ಮಾತು ಬಿಟ್ಟಿದ್ದಳು.

ಗಂಗಮ್ಮ ತಾವು ತಂದ ಗಂಡು ಹೂವಿನ ದಳ ಬಿಡಿಸಿ, ಪೀಚಿನ ತುದಿಯ ಹೂವಿಗೆ ಮೆಲ್ಲಗೆ ಸವರಿದರು. "ಬಳ್ಳೀಲಿ ಗಂಡು ಹೂವು ಒಂದೂ ಇಲ್ಲ, ಅದ್ರ ಪುಡಿ ತಾಗದೆ ಪೀಚು ನಿಲ್ಲುತ್ತಾ? ಯಾರಪ್ಪ ಕಿತ್ತಿದ್ದು?" ಎಂದು ನನ್ನನ್ನು ಕೇಳಿದರು. ಕಾಯಿ ಕಟ್ಟದ ಹೂವು ದಂಡವೆಂದು ದಿನಾ ಕಿತ್ತೆಸೆಯುತ್ತಿದ್ದವನು ನಾನೇ. ಇಬ್ಬರು ಗೆಳತಿಯರ ಮಾತು ಕೆಡಿಸಿದವನೂ ನಾನೇ. ಆದರೂ ಕೇಳಿಸದವನಂತೆ ಒಳಗೆ ಹೋದೆ.

ಈ ಸಲ ಪೀಚು ನಿಂತಿತು, ದಪ್ಪವಾಯಿತು. ಮೊದಲ ಹಣ್ಣು ಕೊಯ್ದಾಗ ಒಳಗೆಲ್ಲ ಕೆಂಪೋ ಕೆಂಪು. ಶಿವಮ್ಮ ಬೇಲಿಯ ಬಳಿ ಓಡಿ, "ಬರ್ರಿ ಅಕ್ಕ, ನಿಮ್ಮ ಕೈಯಿಂದ ಬಂದಿದ್ದು" ಎಂದು ಕರೆದಳು. ಆಗ ತಡೆಯಲಾರದೆ ಹೂವು ಕಿತ್ತವನು ನಾನೇ ಎಂದು ಒಪ್ಪಿಕೊಂಡೆ. ಗಂಗಮ್ಮ ಬೀಜ ಉಗುಳಿ ನಕ್ಕರು: "ಲೇ ಶಿವಮ್ಮ, ಕಳ್ಳನ್ನ ಮನೆಯಾಗಿಟ್ಕಂಡು ನನ್ನ ಬೈದ್ಯಲ್ಲೇ."

ಮರುವರ್ಷ ಇಬ್ಬರೂ ಸೇರಿ ಒಂದೇ ಪಾತಿಯಲ್ಲಿ ಬೀಜ ಊರಿದರು. ನೀರು ಹೊರುವ ಕೆಲಸ ನನ್ನ ಪಾಲಿಗೆ ಬಂತು. ಹೂ ಬಿಟ್ಟ ಬಳ್ಳಿಯ ಹತ್ತಿರ ಮಾತ್ರ ಶಿವಮ್ಮ ನನ್ನನ್ನು ಇಂದಿಗೂ ಬಿಡುವುದಿಲ್ಲ.