ತವರಿನ ಸೀರೆ ದಾಟದ ಹೊಳೆ

ನಮ್ಮ ಕಡೆ ಅಂತ್ಯಕ್ರಿಯೆ ಎಂಬ ಮಾತು ಪತ್ರಿಕೆಯಲ್ಲಿ ಮಾತ್ರ ಇರುತ್ತದೆ. ನಾವು ಮಣ್ಣು ಅನ್ನುತ್ತೇವೆ. ‘ಮಣ್ಣಿಗೆ ಹೊಂಟೇವ್ರಿ’ ಅಂದರೆ ಬಸ್ಸಿನಲ್ಲಿ ಕೂತವರು ಎದ್ದು ಜಾಗ ಬಿಡುತ್ತಾರೆ. ಯಾರದು, ಏನಾಗಿತ್ತು ಎಂದು ಆಮೇಲೆ ಕೇಳುತ್ತಾರೆ. ಆ ಮಳೆಗಾಲದಲ್ಲಿ ನಾವು ಬ್ಯಾಡಗಿಯಿಂದ ಹೊರಟದ್ದು ದೊಡ್ಡವ್ವನ ಮಣ್ಣಿಗೆ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಇಬ್ಬರೂ ಹುಟ್ಟಿದ್ದು ಬ್ಯಾಡಗಿಯಲ್ಲೇ; ಅವ್ವನನ್ನು ಊರೊಳಗೇ ಕೊಟ್ಟರೆ, ಅವಳನ್ನು ವರದಾ ಹೊಳೆಯ ಆಚೆ ದಂಡೆಯ ಊರಿಗೆ ಕೊಟ್ಟಿದ್ದರು. ಹಿಂದಿನ ದಿನ ಸಂಜೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ ಎಂದು ಅವಳ ಮಗ, ನನಗೆ ಅಣ್ಣನಾಗಬೇಕಾದವನು, ಫೋನ್ ಮಾಡಿದ್ದ.

ನಸುಕಿನಲ್ಲೇ ಹೊರಡಬಹುದಿತ್ತು. ನಮ್ಮ ಓಣಿಯ ಕೆಲವರು ಹಾಗೆ ಮೋಟಾರ್ ಸೈಕಲ್ ಮೇಲೆ ಹೊರಟು ಹೊಳೆ ದಾಟಿಯೂ ಬಿಟ್ಟರು. ನಾವು ನಿಂತದ್ದು ಸೀರೆಗಾಗಿ. ಹೆಣ್ಣುಮಗಳು ಸತ್ತರೆ ಅವಳ ಮೈಮೇಲಿನ ಕೊನೆಯ ಸೀರೆ ತವರಿನದೇ ಆಗಬೇಕು. ಗಂಡನ ಮನೆಯವರು ಎಷ್ಟೇ ಉಳ್ಳವರಾಗಲಿ, ಅದೊಂದನ್ನು ಅವರು ತರುವಂತಿಲ್ಲ. ಅವ್ವನಿಗೆ ಇದ್ದೊಬ್ಬ ಅಣ್ಣ ಮದುವೆಯಾಗದೆಯೇ ತೀರಿಕೊಂಡಿದ್ದ. ತವರು ಅಂತ ಉಳಿದವಳು ಅವ್ವ ಒಬ್ಬಳೇ. ಬಟ್ಟೆ ಅಂಗಡಿಯವನು ಬಾಗಿಲು ತೆರೆಯುವವರೆಗೆ ಅವನ ಕಟ್ಟೆಯ ಮೇಲೆ ಕೂತು ಕಾದಳು. ತೆರೆದ ಮೇಲೂ ಲಗೂ ಮುಗಿಸಲಿಲ್ಲ.

“ಈ ದಡಿ ಅಕ್ಕಗ ಸೇರೂದಿಲ್ಲ. ಇದು ಬಣ್ಣ ಬಿಡತೈತಿ.”

ಜೊತೆಗಿದ್ದ ನನ್ನ ಸೋದರತ್ತೆ, ಅಪ್ಪನ ತಂಗಿ, ಸಾವಿನ ಮನೆಯಲ್ಲೂ ನಾಲಿಗೆ ಹಿಡಿಯದವಳು. “ಅತ್ತಿಗೆವ್ವಾ, ಬಣ್ಣ ಬಿಡೂ ಹಂಗ ಅದನ್ನ ಯಾರು ಒಗೀತಾರ?” ಎಂದಳು.

“ಮಣ್ಣಾಗ ಹೋಗೂದು ಅಂತ ಎಂಥದೋ ಒಂದು ಒಯ್ಯಾಕ ಬರತೈತೇನು? ಮ್ಯಾಲ ಹೋಗಿ ನಮ್ಮವ್ವಗ ತೋರಸೂದಿಲ್ಲೇನಾಕಿ?”

ಹಸಿರು ಮೈಯ, ಕೆಂಪು ದಡಿಯ ಇಳಕಲ್ ಸೀರೆ ಅವ್ವನ ಮಡಿಲಿಗೆ ಬಂತು. ದೊಡ್ಡವ್ವ ಮುತ್ತೈದೆಯಾಗಿ ಹೋದವಳು, ಹಸಿರೇ ಸರಿ.

ನಮಗೆ ಸಿಕ್ಕಿದ್ದು ತಾಡಪತ್ರಿ ಕಟ್ಟಿದ ಸಣ್ಣ ಗೂಡ್ಸ್ ಗಾಡಿ. ದಿನಾ ಮೆಣಸಿನಕಾಯಿ ಚೀಲ ಹೊರುವ ಗಾಡಿ ಅದು. ಹಿಂದೆ ಕೂತ ಬಂಧುಗಳೆಲ್ಲ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಇದ್ದರು. “ಅಳೂದರ ಚಿಂತಿ ಬಿಡ್ರಿ, ಗಾಡೀನ ಅಳಸಾಕತ್ತೈತಿ” ಎಂದು ಅತ್ತೆ ಹೇಳಿದ್ದು ಮುಂದೆ ಡ್ರೈವರನ ಪಕ್ಕ ಕೂತ ನಮಗೂ ಕೇಳಿಸಿತು. ಅವ್ವ ನಗಲಿಲ್ಲ. ಸೀರೆಯ ಚೀಲವನ್ನು ಸೆರಗಿನೊಳಗೆ ಸೇರಿಸಿಕೊಂಡು, ಗಾಜಿನ ಮೇಲಿನ ಮಳೆಯನ್ನು ನೋಡುತ್ತ ಕೂತಿದ್ದಳು.

ಹಾವೇರಿ ದಾಟಿ, ಕರ್ಜಗಿಯ ಆಚೆ ಒಂದು ಹಳ್ಳ ದಾಟಿದೆವು. ಆಗ ಅದರಲ್ಲಿ ಮೊಣಕಾಲಿನಷ್ಟು ನೀರು. ಮುಂದೆ ಹೊಳೆಯ ಸೇತುವೆಗೆ ಬಂದರೆ ರಸ್ತೆಗೆ ಅಡ್ಡ ಜಾಲಿಮುಳ್ಳು ಹಾಕಿದ್ದರು. ಸೇತುವೆಯ ಕಟಾಂಜನದ ಮೇಲೆ ನೀರು ಹರಿಯುತ್ತಿತ್ತು. ಆಚೆ ದಂಡೆಯ ಮಸುಕಿನಲ್ಲಿ ದೊಡ್ಡವ್ವನ ಊರಿನ ನೀರಿನ ಟ್ಯಾಂಕು ಕಾಣುತ್ತಿತ್ತು. ಬೇರೆ ದಾರಿ ಹಿಡಿಯೋಣವೆಂದು ಗಾಡಿ ತಿರುಗಿಸಿದೆವು. ಅಷ್ಟರಲ್ಲಿ ಹಿಂದಿನ ಹಳ್ಳವೂ ಕೆಂಪಗೆ ಉಕ್ಕಿ, ದಂಡೆಯ ಜಾಲಿಗಿಡಗಳ ತಲೆ ಮಾತ್ರ ಉಳಿದಿತ್ತು. ನಡುವೆ ಸಿಕ್ಕಿದ್ದು ಒಂದು ಸಣ್ಣ ಊರು. ಒಂದು ಶಾಲೆ, ಒಂದು ಗುಡಿ, ಬೆರಳಲ್ಲಿ ಎಣಿಸಬಹುದಾದಷ್ಟು ಓಣಿ. ನಮಗಿಂತ ಮೊದಲೇ ಒಂದು ಉಳ್ಳಾಗಡ್ಡಿ ಲಾರಿ, ಒಂದು ಕೆಂಪು ಬಸ್ಸು ಅಲ್ಲಿ ಸಿಕ್ಕಿಬಿದ್ದಿದ್ದವು.

ರಸ್ತೆ ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದು, “ನೆನಕೋತ ಯಾಕ ನಿಂತೀರಿ? ಬರ್ರಿ, ಒಳಗ ಕುಂದರ್ರಿ” ಎಂದಳು. ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಇಟ್ಟಳು. ಹಿಂದೆ ಕೂತು ಬಂದವರು ಉಂಡರು. ಅವ್ವ ಮುಟ್ಟಲಿಲ್ಲ. ಮಣ್ಣಾಗುವವರೆಗೆ ಒಡಹುಟ್ಟಿದವರು ಬಾಯಿಗೆ ಏನೂ ಹಾಕಬಾರದು.

“ಚಾ ಅರೆ ಕುಡಿಯಬೇ. ಚಾ ಏನು ಊಟಲ್ಲ.”

“ಗಂಟಲಾಗ ಇಳದದ್ದೆಲ್ಲಾ ಊಟಾನಬೇ.”

“ಮಣ್ಣು ಯಾವಾಗ?”

“ನಾ ಅಲ್ಲಿ ಹೋಗಿ ಮುಟ್ಟಿದ ಮ್ಯಾಲ.”

ಮುದುಕಿ ನನ್ನ ಮುಖ ನೋಡಿದಳು. ನಾನು ಹೊರಗಿನ ಹೊಳೆಯ ಕಡೆ ನೋಡಿದೆ.

ಆ ಊರಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಶಾಲೆಯ ಜಗಲಿಯಲ್ಲಿ ಮಾತ್ರ. ಮಧ್ಯಾಹ್ನ ಅಲ್ಲಿ ನಿಂತಿದ್ದಾಗ ಅಣ್ಣನ ಫೋನ್ ಬಂತು.

“ತಂಗಿ, ಮಣ್ಣಿಗೆ ತೋಡಿದ ಕುಣಿಯಾಗ ನೀರ ಒಸರಾಕತ್ತೈತಿ. ಎಷ್ಟ ಚೆಲ್ಲಿದ್ರೂ ತುಂಬತೈತಿ. ಹೊಳಿ ಮಸಣದ ಬೇಲಿಗೆ ಬಂದೈತಿ. ಅವ್ವನ್ನ ಇನ್ನ ಇಟಗೊಂಡು ಕುಂದ್ರಾಕ ಆಗೂದಿಲ್ಲ. ಆದ್ರ ತವರಿನ ಸೀರಿ ಬರದ, ಚಿಗವ್ವ ಹೂಂ ಅನ್ನದ, ಹಿರ್ಯಾರು ಹೆಣಾ ಎತ್ತಾಕ ಒಪ್ಪವಲ್ರು. ನೀ ಕಲತಾಕಿ ಅದಿ, ಆಕಿಗೆ ತಿಳಿಸಿ ಹೇಳವಾ.”

ಕಲಿತವಳು. ನಮ್ಮ ಎರಡೂ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಮಲಗುತ್ತಿದ್ದವಳು. ಪರೀಕ್ಷೆ ಬಂದಾಗಲೆಲ್ಲ ದೊಡ್ಡವ್ವ ನನ್ನನ್ನು ತನ್ನ ಮನೆಗೆ ಕರೆದೊಯ್ಯುತ್ತಿದ್ದಳು. ಓದಲು ಕೂತಾಗ ಕಸ ಹೊಡೆಯಲೂ ಬಿಡುತ್ತಿರಲಿಲ್ಲ. ಓದು ಬಾರದ ಅವಳು ಎದುರು ಕೂತು, ನಾನು ಪುಟ ತಿರುಗಿಸದಿದ್ದರೆ “ಯಾಕ, ಅಲ್ಲೇ ನಿಂತಿ?” ಎಂದು ಗದರುತ್ತಿದ್ದಳು. ಈಗ ಹಾವೇರಿಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಅಂಥ ದೊಡ್ಡವ್ವನನ್ನು ತವರಿನ ಸೀರೆಯಿಲ್ಲದೆ ಕಳಿಸಿಬಿಡು ಎಂದು ಅವ್ವನಿಗೆ ತಿಳಿಸಿ ಹೇಳುವ ಕೆಲಸ ನನಗೇ ಬಂತು.

ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

“ನಿನ್ನ ಪುಸ್ತಕದಾಗ ಇದಕ್ಕ ಏನಂತ ಬರದಾರ?”

“ಏನೂ ಬರದಿಲ್ಲವ್ವ.”

“ಹಂಗಾರ ಸುಮ್ಮ ಇರು. ನಾ ಹೂಂ ಅನ್ನಾಂಗಿಲ್ಲ. ತವರಿಲ್ಲದಾಕಿ ಆಗಿ ಹೋಗಬೇಕೇನು ನಮ್ಮಕ್ಕ?”

ಎದ್ದು, ಚೀಲ ಹಿಡಿದುಕೊಂಡು ಸೇತುವೆಯ ಕಡೆ ನಡೆದೇಬಿಟ್ಟಳು. ನಾವೆಲ್ಲ ಹಿಂದೆ ಓಡಿದೆವು. ಮುಳ್ಳಿನ ಬಳಿ ನಿಂತು ಡ್ರೈವರನನ್ನು ಕೇಳಿದಳು, “ಹಗ್ಗ ಕಟ್ಟಿ ದಾಟಾಕ ಬರಾಂಗಿಲ್ಲೇನಪಾ? ನಾನ ಹೋಗಬೇಕಂತಿಲ್ಲ, ಸೀರಿ ಅಷ್ಟ ಮುಟ್ಟಿದ್ರ ಸಾಕು.”

“ಯವ್ವಾ, ಇವತ್ತ ಇದರಾಗ ಇಳದವರಿಗೆ ಇನ್ನೊಂದು ಸೀರಿ ತರಬೇಕಾಕ್ಕತಿ” ಎಂದ ಅವನು. ಅತ್ತೆ ಅವನ ಭುಜಕ್ಕೆ ಒಂದು ಕೊಟ್ಟಳು. ಅವ್ವನಿಗೆ ಸಿಟ್ಟು ಬರಲಿಲ್ಲ. ಬೇರುಸಹಿತ ಒಂದು ಗಿಡ ತೇಲಿಕೊಂಡು ಬಂದು ಸೇತುವೆಗೆ ಬಡಿದು ಮುಳುಗಿದ್ದನ್ನು ನೋಡಿ, ತಾನಾಗಿಯೇ ತಿರುಗಿದಳು. “ಸೀರಿ ಸಲುವಾಗಿ ನಿಂತೆ. ಸೀರೀನೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ” ಎಂದು ದಾರಿಯುದ್ದಕ್ಕೂ ಅದನ್ನೇ ಅಂದಳು.

ಶಾಲೆಯ ಜಗಲಿಗೆ ಬಂದಾಗ ಅಣ್ಣನ ನಂಬರಿನಿಂದ ಮತ್ತೆ ಫೋನ್. ಈ ಸಲ ಮಾತಾಡಿದ್ದು ಒಬ್ಬ ಎಳೆಯ ಹೆಣ್ಣುಮಗಳು. ನಾನು ಸ್ಪೀಕರ್ ಹಾಕಿ ಅವ್ವನ ಮುಂದೆ ಹಿಡಿದೆ.

“ಯವ್ವಾ, ನಾ ಈ ಊರ ಸೊಸಿರಿ. ನಿಮ್ಮ ಅಕ್ಕಾರ ಓಣಿಯಾಗ ಇರತೇನಿ. ನನ್ನ ತವರ ಬ್ಯಾಡಗೀರಿ.”

ಅವ್ವ ಫೋನಿನ ಹತ್ತಿರಕ್ಕೆ ಬಾಗಿದಳು. “ಬ್ಯಾಡಗಿ? ಯಾವ ಓಣಿಯಾಕಿ?”

“ಮೆಣಸಿನಕಾಯಿ ಮಾರ್ಕೆಟ್ ಹಿಂದಿನ ಓಣಿರಿ. ನಮ್ಮಪ್ಪ ಹಮಾಲಿ ಮಾಡ್ತಾನ. ನಿಮ್ಮ ಕುಲದವರಲ್ಲರಿ ನಾವು.” ಸ್ವಲ್ಪ ತಡೆದು ಹೇಳಿದಳು, “ಪಂಚಮಿಗೆ ನಮ್ಮಪ್ಪ ಒಂದು ಸೀರಿ ಕೊಟ್ಟಾನರಿ. ಇನ್ನ ಮಡಿಕಿ ಬಿಚ್ಚಿಲ್ಲ. ಬ್ಯಾಡಗೀದು ಅಂದ್ರ ಇವರಿಗೂ ತವರಿಂದ ಆಗೂದಿಲ್ಲೇನ್ರಿ? ಹಿರ್ಯಾರು ನಿಮ್ಮನ್ನ ಕೇಳು ಅಂದಾರ.”

ಆಚೆಯಿಂದ ಮಳೆಯ ಸದ್ದು, ಯಾರೋ ಗುದ್ದಲಿಯಿಂದ ಅಂಗಳದ ನೀರು ಎಳೆದು ಚೆಲ್ಲುವ ಸದ್ದು ಬರುತ್ತಿತ್ತು.

“ಏನು ಬಣ್ಣ ಐತಿ?”

“ಗಿಳಿಹಸರರಿ. ಮಿಂಚೂ ದಡಿ ಐತ್ರಿ.”

“ಆಕಿ ಮಿಂಚೂದು ಎಂದೂ ಉಟ್ಟಾಕಿ ಅಲ್ಲ” ಎಂದಳು ಅವ್ವ. ಆಮೇಲೆ, “ಇರಲಿ. ನಿನ್ನ ಕೈಲೇ ಉಡಸವಾ. ಅಕ್ಕಾ, ನಿನ್ನ ತಂಗಿ ಕಳಿಸ್ಯಾಳ ಅಂತ ಕಿವಿಯಾಗ ಹೇಳಿ ಉಡಸು. ಸೆರಗ ಉದ್ದ ಬಿಡು, ಆಕಿಗೆ ಗಿಡ್ಡ ಸೆರಗ ಸೇರೂದಿಲ್ಲ.”

“ಹೂಂರಿ.”

“ನಿಮ್ಮಪ್ಪ ಕೊಟ್ಟಿದ್ದು ಮಣ್ಣಿಗೆ ಹೋಗಾಕತ್ತೈತಿ, ನಿನಗ ಹೊಟ್ಟಿ ಉರಿಯೂದಿಲ್ಲೇನವಾ?”

ಆ ಹುಡುಗಿ ಅಳುತ್ತಿದ್ದಳೆಂದು ತೋರುತ್ತದೆ.

ಮಣ್ಣು ಕೊಡುವಾಗ ಮುಖ ತೋರಿಸುತ್ತೇನೆಂದು ಅಣ್ಣ ವಿಡಿಯೊ ಕಾಲ್ ಮಾಡಿದ. ಚಿತ್ರ ಬಂತು, ಆದರೆ ಯಾರದೋ ಕರಿ ಛತ್ರಿಯ ಮೇಲೆ ನಿಂತುಬಿಟ್ಟಿತು. ಅಲುಗಲಿಲ್ಲ. ಛತ್ರಿಯ ಅಂಚಿನಲ್ಲಿ ಒಂದು ತುಂಡು ಗಿಳಿಹಸಿರು. ಅವ್ವ ಅದನ್ನೇ ನೋಡುತ್ತ ಕೂತಳು. ಸಿಗ್ನಲ್ ಕಡಿದು ತೆರೆ ಕಪ್ಪಾದ ಮೇಲೂ ಫೋನನ್ನು ನನಗೆ ಕೊಡಲಿಲ್ಲ.

ಆಮೇಲೆ ಮುದುಕಿ ನೀರು ಕಾಯಿಸಿ ಕೊಟ್ಟಳು. ಅವ್ವ ತಲೆಗೆ ನೀರು ಹಾಕಿಕೊಂಡು, ಒಲೆಯ ಮುಂದೆ ಕೂತು ಒಂದು ರೊಟ್ಟಿ ತಿಂದಳು. ಪ್ರತಿ ತುತ್ತಿಗೂ ನಿಲ್ಲುತ್ತಿದ್ದಳು. “ಇನ್ನೊಂದು ಹಾಕಲೇನಬೇ?” ಎಂದದ್ದಕ್ಕೆ ಕೈ ಅಡ್ಡ ಹಿಡಿದಳು.

ನೀರು ಇಳಿದ ಮೇಲೆ ಹೊಳೆ ದಾಟಿ ಹೋದೆವು. ಹಸಿ ಮಣ್ಣಿನ ಗುಡ್ಡೆಯ ಮೇಲೆ ಕಲ್ಲು ಹೇರಿದ್ದರು. ಆ ಹುಡುಗಿಯೂ ತನ್ನ ಅತ್ತೆಯ ಜೊತೆ ಬಂದಿದ್ದಳು. ನಾನು ಊಹಿಸಿದ್ದಕ್ಕಿಂತ ಇನ್ನೂ ಚಿಕ್ಕವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವ್ವ ಚೀಲದಿಂದ ಇಳಕಲ್ ಸೀರೆ ತೆಗೆದು, “ನಿಂದು ಆಕಿ ಉಟ್ಟಳು. ಇದನ್ನ ನೀ ಉಟಗೋ” ಎಂದು ಚಾಚಿದಳು. ಹುಡುಗಿ ಕೈ ಮುಂದೆ ಮಾಡಿದಳು. ಅವಳ ಅತ್ತೆ ನಡುವೆ ಬಂದಳು.

“ತಪ್ಪ ತಿಳೀಬ್ಯಾಡಬೇ. ಹೊಸಾ ಮದಿವಿಯಾಕಿ. ಮಣ್ಣಿಗಂತ ತಂದ ಸೀರಿ ಮೈಮ್ಯಾಲ ಹ್ಯಾಂಗ ಹಾಕ್ಕೊಂಡಾಳು?”

“ಖರೇ ಐತಬೇ. ನನಗ ತಿಳೀಲಿಲ್ಲ” ಎಂದು ಅವ್ವ ಸೀರೆಯನ್ನು ಮತ್ತೆ ಚೀಲದಲ್ಲಿಟ್ಟಳು. ಮುಂದಿನ ಪಂಚಮಿಗೆ ಅವಳಿಗೆ ಬೇರೆ ಸೀರೆ ಕಳಿಸಿದಳು. ಅದನ್ನು ಆ ಮನೆಯವರು ಬೇಡ ಅನ್ನಲಿಲ್ಲ.

ಅವತ್ತು ತಿರುಗಿ ಬರುವಾಗ ಗಾಡಿಯಲ್ಲಿ ನಾನೇ ಕೇಳಿದೆ, “ಅಂಗಡಿಯಾಂವಗ ವಾಪಸ್ ಕೊಡೂಣೇನವ್ವ?”

“ಮಣ್ಣಿಗೆ ಅಂತ ಹೇಳಿ ಒಯ್ದದ್ದನ್ನ ಯಾವ ಮಾರಿ ಹೊತ್ತು ಕೊಡ್ಲಿ? ಆಂವಾ ಇನ್ಯಾವುದರೆ ಹುಡುಗಿಗೆ ಮಾರಾಂವ. ಬ್ಯಾಡ. ನೀ ಇಟಗೋ. ನನಗ ಬೇಕಾಕ್ಕತಿ.”

“ಇದ್ಯಾಕವ್ವ? ನಾ ಇಲ್ಲೇನು ತರಾಕ?”

“ನೀ ಮಗಳು. ನೀ ರೇಶಿಮಿ ತಂದ್ರೂ ಅದು ತವರಿಂದು ಆಗೂದಿಲ್ಲ. ಆಕಿ ಇದ್ದಿದ್ರ ಆಕಿ ತರತಿದ್ಲು. ಆಕಿ ಹೆಸರಲೇ ತಂದದ್ದು ಇದು. ನಾ ಹೋದಾಗ ಅಕ್ಕಾನ ಕೊಟ್ಲು ಅಂತ ಉಡಸು.”

ಡ್ರೈವರ್ ಗೇರ್ ಬದಲಿಸಿದ.

ಸೀರೆ ಈಗ ಹಾವೇರಿಯಲ್ಲಿ ನನ್ನ ಕಪಾಟಿನಲ್ಲಿದೆ. ಮಳೆಗಾಲ ಬಂತೆಂದರೆ ಅವ್ವ ಫೋನ್ ಮಾಡಿ, ಶಾಲೆಯ ಸುದ್ದಿ ಕೇಳಿ, ಮಕ್ಕಳ ಸುದ್ದಿ ಕೇಳಿ, ಕೊನೆಗೆ “ಅದಕ್ಕ ಬೂಷ್ಟು ಹಿಡದಿಲ್ಲಲ್ಲ?” ಎನ್ನುತ್ತಾಳೆ. ಬಿಸಿಲು ಬಿದ್ದ ಭಾನುವಾರ ಅದನ್ನು ಮಾಳಿಗೆಯ ಮೇಲೆ ಹರವುತ್ತೇನೆ. ಹೋದ ವಾರ ಪಕ್ಕದ ಮನೆಯವರು ನೋಡಿ, “ಎಷ್ಟ ಚಂದ ಐತ್ರಿ ಟೀಚರ್! ಯಾವಾಗ ಉಟಗೋತೀರಿ?” ಎಂದರು.

“ನಂದಲ್ಲರಿ, ನಮ್ಮವ್ವಂದು” ಎಂದೆ.